ತಿರುಗಿ ಹಾಕದ ಒಂದು ಹಿಡಿ

ಭೂಗೋಳ ಕಲಿಸುವವರು ಪ್ರವಾಸ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೋಗುವ ಮೊದಲು ಈ ಅಭಿಪ್ರಾಯ ಇರಲಿಲ್ಲ, ಹೋಗಿ ಬಂದ ಮೇಲೆ ಹುಟ್ಟಿದ್ದು. ಔರಾದಿನ ಹೈಸ್ಕೂಲಿನಲ್ಲಿ ಗೋಡೆಗೆ ತೂಗುಹಾಕಿದ ನಕಾಶೆಯ ಮೇಲೆ ಬೆತ್ತ ಇಟ್ಟು ನಾನು ಅರಬ್ಬೀ ಸಮುದ್ರವನ್ನು ಎಷ್ಟು ಸಲ ದಾಟಿದ್ದೇನೋ ದೇವರಿಗೇ ಗೊತ್ತು. ಬೆತ್ತವನ್ನು ಮುಂಬೈ ಮೇಲಿಂದ ಎತ್ತಿ ಮಸ್ಕತ್ ಮೇಲೆ ಇಡಲಿಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ, ತಿರುಗಿ ತರಲಿಕ್ಕೂ ಅಷ್ಟೇ. ನನ್ನ ಸ್ವಂತ ಸಂಚಾರ ಮಾತ್ರ ಬೀದರಿನ ಮನೆಯಿಂದ ಔರಾದಿನ ಶಾಲೆಗೆ, ಔರಾದಿನ ಶಾಲೆಯಿಂದ ಬೀದರಿನ ಮನೆಗೆ. ಯಾರದಾದರೂ ಮದುವೆಯಿದ್ದರೆ ಹೆಚ್ಚೆಂದರೆ ಕಮಲನಗರ. ಭಾಲ್ಕಿ ಹೆಂಡತಿಯ ತವರಾದ್ದರಿಂದ ಅಲ್ಲಿಗೆ ಹೋಗುವುದನ್ನು ಪ್ರವಾಸ ಅಂದರೆ ಮನೆಯಲ್ಲಿ ಊಟ ಸಿಗುವುದಿಲ್ಲ.

ದಿನಾ ಬೆಳಿಗ್ಗೆ ಔರಾದಿನ ಬಸ್ಸು ಹಿಡಿದು ಹಿಡಿದು ನನಗೆ ಅವಸರ ಎಂಬುದು ಒಂದು ಕಾಯಿಲೆಯ ಹಾಗೆ ಅಂಟಿಕೊಂಡುಬಿಟ್ಟಿದೆ. ಊಟಕ್ಕೆ ಕೂತರೆ ಕೈ ತೊಳೆಯುವ ಅವಸರ, ಮದುವೆಗೆ ಹೋದರೆ ಅಕ್ಕಿಕಾಳು ಹಾಕಿ ಹೊರಡುವ ಅವಸರ. ‘ನಡಿ, ಹೊತ್ತಾತು’ ಎಂಬ ಎರಡು ಮಾತನ್ನು ತೆಗೆದುಬಿಟ್ಟರೆ ನನ್ನ ಸಂಸಾರದಲ್ಲಿ ನಾನು ಆಡಿದ ಮಾತು ಬಹಳ ಉಳಿಯುವುದಿಲ್ಲ. ಹೆಂಡತಿ ಮಹಾನಂದಾಳದು ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವ. ಆಕೆ ಬಾಗಿಲಲ್ಲಿ ನಿಂತು ವಿದಾಯ ಹೇಳುವ ಹೊತ್ತಿನಲ್ಲಿ ನಾನು ಜನವಾಡ ದಾಟಿರುತ್ತೇನೆ.

ಆಕೆಯ ತಂಗಿ ಸುನಂದಾ ಮಸ್ಕತ್‌ನಲ್ಲಿದ್ದಾಳೆ. ಆಕೆಯ ಗಂಡ, ಅಂದರೆ ನನ್ನ ಷಡ್ಡಕ ರೇವಣಪ್ಪ, ಅಲ್ಲಿ ಏಸಿ ರಿಪೇರಿಯ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ‘ಒಂದು ಸಲ ಬಂದು ಹೋಗ್ರಿ ಅಣ್ಣಾರ, ನೀವು ಕಲಿಸಿದ ಸಮುದ್ರ ಕಣ್ಣಿಂದ ನೋಡ್ರಿ’ ಎಂದು ವರ್ಷಗಟ್ಟಲೆ ಕರೆಯುತ್ತಿದ್ದ. ಕಡೆಗೂ ಹೊರಟೆವು. ಎರಡು ವಾರ ಇದ್ದು ಬರುವುದೆಂದು ಮಾತು. ಚೀನಾದಲ್ಲಿ ಏನೋ ಜ್ವರವಂತೆ ಎಂದು ಆಗಲೇ ಟೀವಿಯಲ್ಲಿ ಬರುತ್ತಿತ್ತು. ನಾನು ಹೆಂಡತಿಗೆ ನಕಾಶೆ ಬಿಡಿಸಿ, ಚೀನಾ ಯಾವ ಕಡೆ, ನಾವು ಹೋಗುವುದು ಯಾವ ಕಡೆ, ನಡುವೆ ಹಿಮಾಲಯ ಎಷ್ಟು ಎತ್ತರ ಎಂದು ಸಮಾಧಾನ ಹೇಳಿದೆ. ಹಿಮಾಲಯವು ಶೀತಮಾರುತಗಳನ್ನು ತಡೆಯುತ್ತದೆ ಎಂದು ಪಾಠ ಮಾಡಿದವನಿಗೆ ಒಂದು ಕೆಮ್ಮು ಯಾವ ಲೆಕ್ಕ?

ಹೊರಡುವ ದಿನ ಭಾಲ್ಕಿಗೆ ಹೋಗಿ ಅತ್ತೆಯವರ ಆಶೀರ್ವಾದ ಪಡೆದು, ಅಲ್ಲಿಂದಲೇ ಹೈದರಾಬಾದಿಗೆ ಕಾರು. ಅತ್ತೆಯವರು ಮಗಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ರವಿಕೆಗೆಂದು ಒಂದು ಕುಬಸದ ಖಣ. ಇದರಲ್ಲಿ ಒಂದು ಪದ್ಧತಿ ಇದೆ. ಉಡಿ ತುಂಬಿಸಿಕೊಂಡ ಮಗಳು ಏಳುವ ಮೊದಲು ತನ್ನ ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ತವರಿನ ಡಬ್ಬಿಗೆ ತಿರುಗಿ ಹಾಕಬೇಕು. ಎಲ್ಲವನ್ನೂ ಬಳಿದುಕೊಂಡು ಹೋದರೆ ತವರು ಬರಿದಾಗುತ್ತದೆ ಎಂದು ಅವರ ನಂಬಿಕೆ. ಉಳಿದ ಅಕ್ಕಿಯನ್ನು ತನ್ನ ಸ್ವಂತ ಒಲೆಯ ಮೇಲೇ ಬೇಯಿಸಿ ಉಣ್ಣಬೇಕು, ಇನ್ನೊಬ್ಬರ ಮನೆಯಲ್ಲಿ ಬೇಯಿಸುವಂತಿಲ್ಲ. ನಾನು ಅಂಗಳದಲ್ಲಿ ಕಾರಿನ ಬಾಗಿಲು ಹಿಡಿದು ನಿಂತಿದ್ದೆ. ಒಳಗೆ ತಾಯಿ ಮಗಳು ಅಳುತ್ತಿದ್ದರು. ನಾನು ಡ್ರೈವರನಿಗೆ ಹಾರ್ನ್ ಹೊಡೆ ಎಂದೆ. ಅಳು ನಿಲ್ಲಲಿಲ್ಲ. ಒಳಗೆ ಹೋಗಿ, ‘ನಡಿ, ಹೊತ್ತಾತು. ವಿಮಾನ ಅಂದ್ರ ಔರಾದ ಬಸ್ ಅಲ್ಲ, ಕೈ ಮಾಡಿದ್ರ ನಿಲ್ಲೂದಿಲ್ಲ’ ಎಂದು ರಟ್ಟೆ ಹಿಡಿದು ಎಬ್ಬಿಸಿದೆ. ಆಕೆ ಸೆರಗಿನ ಗಂಟು ಎದೆಗೆ ಅವಚಿಕೊಂಡು ಓಡೋಡಿ ಬಂದು ಕಾರು ಹತ್ತಿದಳು. ಬೀದರಿನಲ್ಲಿ ಎರಡು ನಿಮಿಷ ಮನೆಗೆ ಹೋಗಿ ಉಡಿ ಅಕ್ಕಿ ಇಟ್ಟು ಬರೋಣ ಎಂದಳು. ನಾನು ಬಿಡಲಿಲ್ಲ. ಹೀಗಾಗಿ ಭಾಲ್ಕಿಯ ಅಕ್ಕಿ ಆ ಖಣದಲ್ಲಿ ಗಂಟಾಗಿ ವಿಮಾನ ಹತ್ತಿತು.

ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿದ ಅಧಿಕಾರಿ ಗಂಟು ಬಿಚ್ಚಿ ನೋಡಿ ಹಿಂದಿಯಲ್ಲಿ ಕೇಳಿದ, ‘ಅಲ್ಲಿ ಅಕ್ಕಿ ಸಿಗುವುದಿಲ್ಲವೇ?’ ನಾನು ನಾಚಿಕೆಯಿಂದ ನೆಲ ನೋಡಿದೆ. ಮಹಾನಂದಾ ತಲೆಯೆತ್ತಿ, ‘ಸಿಗತದ್ರಿ, ನಮ್ಮವ್ವ ಕೊಟ್ಟಿದ್ದು ಸಿಗೂದಿಲ್ಲ’ ಎಂದು ಕನ್ನಡದಲ್ಲೇ ಉತ್ತರ ಕೊಟ್ಟಳು. ಆತನಿಗೆ ಏನು ತಿಳಿಯಿತೋ, ತಾನೇ ಗಂಟು ಕಟ್ಟಿ ಕೊಟ್ಟ.

ಸಮುದ್ರದ ಮೇಲೆ ಹಾರುತ್ತಿದ್ದಾಗ ಆಕೆ ಗಕ್ಕನೆ ನನ್ನ ಕೈ ಹಿಡಿದಳು. ‘ಏನ್ರಿ, ಮರತು ಬಂದೆ!’ ಎಂದಳು. ಗ್ಯಾಸು ಬಂದ್ ಮಾಡಲಿಲ್ಲವೇ, ನಲ್ಲಿ ಹಾಗೇ ಬಿಟ್ಟೆಯಾ, ಮನೆಗೆ ಕೀಲಿಯನ್ನೇ ಹಾಕಲಿಲ್ಲವೇ ಎಂದು ಒಂದೊಂದಾಗಿ ಕೇಳಿದೆ. ‘ಹಿಡಿ ತಿರುಗಿ ಹಾಕಲಿಲ್ರಿ’ ಎಂದಳು. ನನಗೆ ಎಷ್ಟು ಹಗುರವಾಯಿತೆಂದರೆ ನಕ್ಕುಬಿಟ್ಟೆ. ವಿಮಾನ ತಿರುಗಿಸಲಿಕ್ಕೆ ಹೇಳಲೇ ಎಂದು ಕೇಳಿದೆ. ಆಕೆ ನಗಲಿಲ್ಲ.

ನಾವು ಇಳಿದು ಒಂದು ವಾರವಾಗುವಷ್ಟರಲ್ಲಿ ವಿಮಾನಗಳು ನಿಂತವು. ಆಮೇಲೆ ಅಂಗಡಿಗಳು ಮುಚ್ಚಿದವು, ರಸ್ತೆಗಳು ಮುಚ್ಚಿದವು, ಜನರ ಬಾಯಿ ಮೂಗು ಮುಚ್ಚಿದವು. ರೇವಣಪ್ಪನ ಮನೆ ಎಂದರೆ ಎರಡು ಕೋಣೆ, ಒಂದು ಬಾಲ್ಕನಿ. ಸಮುದ್ರ ಹತ್ತಿರದಲ್ಲೇ ಇತ್ತಂತೆ. ನಾನು ಅದನ್ನು ನೋಡಿದ್ದು ಅವನ ಮೊಬೈಲಿನಲ್ಲಿ, ಔರಾದಿನಲ್ಲಿ ಕೂತಿದ್ದರೂ ಇದನ್ನೇ ನೋಡಬಹುದಿತ್ತು. ಎರಡು ವಾರದ ಅತಿಥಿಗಳು ತಿಂಗಳುಗಟ್ಟಲೆ ಕೂತರೆ ಮನೆಯವರ ಮುಖ ಏನಾಗಬೇಕೋ ಅದು ಅವರದಾಗಲಿಲ್ಲ. ಆಗದೇ ಇದ್ದದ್ದು ನನಗೆ ಇನ್ನೂ ಹಿಂಸೆಯಾಯಿತು. ರೇವಣಪ್ಪ ಹೊರಕೋಣೆಯಲ್ಲಿ ನೆಲದ ಮೇಲೆ ಮಲಗಿ ನಮಗೆ ಮಂಚ ಬಿಟ್ಟುಕೊಟ್ಟಿದ್ದ. ಮುಂಜಾನೆ ಎದ್ದು ಅವನ ಮೈಮೇಲಿಂದ ದಾಟಿ ಬಚ್ಚಲಿಗೆ ಹೋಗುವಾಗಲೆಲ್ಲ ನನಗೆ ಸತ್ತುಹೋಗಬೇಕೆನಿಸುತ್ತಿತ್ತು.

ಮಹಾನಂದಾಳಿಗೆ ಮಾತ್ರ ಎಲ್ಲದಕ್ಕೂ ಕಾರಣ ಗೊತ್ತಿತ್ತು. ‘ಹಿಡಿ ಹಾಕಲಾರದ ಬಂದೆ, ಅದಕ್ಕ ದಾರಿ ಮುಚ್ಚ್ಯದ’ ಎಂದಳು. ನಾನು ವೈರಸ್ಸು ಎಂದರೇನು, ಸೋಂಕು ಹರಡುವುದು ಹೇಗೆ ಎಂದು ಪಾಠ ಮಾಡಿದೆ. ಕಡೆಗೆ ಸಿಟ್ಟು ಬಂದು, ‘ಭಾಲ್ಕಿಯ ಒಂದು ಹಿಡಿ ಅಕ್ಕಿ ಸಲುವಾಗಿ ಪ್ರಪಂಚದ ಅಷ್ಟೂ ವಿಮಾನ ನಿಂತಾವೇನು?’ ಎಂದು ಕೇಳಿದೆ. ‘ಪ್ರಪಂಚದ್ದು ನನಗ ಗೊತ್ತಿಲ್ರಿ. ನನ್ನ ವಿಮಾನ ಅದಕ್ಕೇ ನಿಂತದ’ ಎಂದಳು.

ಅತ್ತೆಯವರ ಜತೆ ದಿನಾ ಮೊಬೈಲಿನಲ್ಲಿ ಮಾತು. ಮುಖ ಕಾಣುವ ಫೋನಾದರೂ ಅವರು ಅದನ್ನು ಕಿವಿಗೇ ಒತ್ತಿಕೊಳ್ಳುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಒಂದು ಕಿವಿ, ಅದರಲ್ಲಿ ಒಂದು ಬೆಂಡೋಲೆ. ನನ್ನ ಹೆಂಡತಿ ಆ ಕಿವಿಗೆ ದಿನಾ ಹೇಳುವ ಮಾತು ಒಂದೇ: ‘ಅವ್ವಾ, ನಾ ಹಿಡಿ ಹಾಕಲಾರದ ಬಂದೇನಿ.’ ಕಿವಿಯಿಂದ ಬರುವ ಉತ್ತರವೂ ಒಂದೇ: ‘ಹೌದವ್ವ, ಹಾಕಲಾರದ ಹೋಗೀದಿ. ಲಗೂ ಬಂದು ಹಾಕು.’ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಿರಿಯರಾದವರು ‘ಹೋಗಲಿ ಬಿಡವ್ವ, ಅದರಾಗ ಏನದ’ ಎಂದು ಒಂದು ಮಾತು ಅಂದಿದ್ದರೆ ನನ್ನ ಸಂಸಾರದಲ್ಲಿ ಅರ್ಧ ಗೋಳು ಕಡಿಮೆಯಾಗುತ್ತಿತ್ತು. ಆ ಒಂದು ಮಾತು ಅವರ ಬಾಯಿಂದ ಬರಲೇ ಇಲ್ಲ. ಅತ್ತೆಯವರು ಇಷ್ಟು ಕಠಿಣ ಮನಸ್ಸಿನವರೆಂದು ನನಗೆ ಮದುವೆಯಾದಾಗಿನಿಂದ ಗೊತ್ತಾಗಿರಲಿಲ್ಲ.

ಭಾಲ್ಕಿ ಯಾವ ದಿಕ್ಕಿಗೆ ಬರುತ್ತದೆ ಎಂದು ಒಂದು ದಿನ ಹೆಂಡತಿ ಕೇಳಿದಳು. ಬಹಳ ದಿನಗಳ ಮೇಲೆ ನನ್ನ ವಿದ್ಯೆಗೆ ಒಂದು ಗೌರವ ಸಿಕ್ಕಿತೆಂದು ಹಿಗ್ಗಿ, ಬಾಲ್ಕನಿಯ ಮೂಲೆಯಲ್ಲಿ ನಿಂತು ಕೈಚಾಚಿ ತೋರಿಸಿದೆ. ಅಂದಿನಿಂದ ಆಕೆ ದಿನಾ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಆ ದಿಕ್ಕಿಗೆ ನಿಂತು ಕೈಮುಗಿಯತೊಡಗಿದಳು. ಹಲವು ವಾರಗಳ ಮೇಲೆ ರೇವಣಪ್ಪ ಚಹಾ ಹಿಡಿದು ಬಂದವನು, ‘ಅಕ್ಕಾ ಯಾಕ ಆ ಕಡೆ ಕೈ ಮುಗೀತಾರ್ರಿ ಅಣ್ಣಾರ? ಅತ್ತಾಗ ಇರಾನ್ ಅದ’ ಎಂದ. ಅವನು ಬೆಳಗಿನ ಸೂರ್ಯ ಬರುವ ಕಿಟಕಿ ತೋರಿಸಿದ. ಅವನ ಮಾತು ನಿಜವಾಗಿತ್ತು. ಔರಾದಿನ ಮಕ್ಕಳ ಮುಂದೆ ಇದನ್ನು ಹೇಳಿಲ್ಲ. ಮಹಾನಂದಾ ಮುಖ ಆಗ್ನೇಯಕ್ಕೆ ತಿರುಗಿಸಿದಳು. ಇರಾನಿಗೆ ಹೋದ ಕೈಮುಗಿತವೆಲ್ಲ ಭಾಲ್ಕಿಗೆ ಮುಟ್ಟುತ್ತದೆಯೇ ಎಂದು ಒಂದೇ ಸಲ ಕೇಳಿದಳು, ನಾನು ಮುಟ್ಟುತ್ತದೆ ಎಂದೆ.

ಅಷ್ಟರಲ್ಲಿ ಉಡಿ ಅಕ್ಕಿಗೆ ನುಸಿ ಹತ್ತಿತು. ಅಲ್ಲಿಯ ಸೆಕೆಗೆ ಹತ್ತದೆ ಏನು? ಇದನ್ನು ಬೇಯಿಸಿಬಿಡೋಣ ಎಂದು ಸುನಂದಾ ಹೇಳಿದ್ದಕ್ಕೆ ಮಹಾನಂದಾ ಗಂಟು ತೆಗೆದುಕೊಂಡು ಹೋಗಿ ದಿಂಬಿನ ಕೆಳಗಿಟ್ಟುಕೊಂಡಳು. ತವರಿನ ಹಿಡಿ ಇನ್ನೂ ಅದರಲ್ಲೇ ಇದೆ, ಯಾವ ಕಾಳು ಭಾಲ್ಕಿಯದು ಯಾವುದು ತನ್ನದು ಎಂದು ಹೇಗೆ ತಿಳಿಯಬೇಕು ಎಂಬುದು ಆಕೆಯ ವಾದ. ಹೀಗಾಗಿ ದಿನಾ ಮುಂಜಾನೆ ಬಾಲ್ಕನಿಯಲ್ಲಿ ಒಂದು ತಾಟಿನಲ್ಲಿ ಆ ಅಕ್ಕಿ ಹರವಿಕೊಂಡು ಹಸನು ಮಾಡುವ ಕೆಲಸ ನನಗೆ ಬಿತ್ತು. ಮೊದಮೊದಲು ಸಿಟ್ಟಿನಿಂದ ಮಾಡಿದೆ. ಆಮೇಲೆ ಬೇರೆ ಕೆಲಸವೇನೂ ಇರಲಿಲ್ಲವಾದ್ದರಿಂದ ಶ್ರದ್ಧೆಯಿಂದ ಮಾಡಿದೆ. ಆಮೇಲಾಮೇಲೆ, ಟೀವಿಯಲ್ಲಿ ಊರಿನ ಕಡೆಯ ಸುದ್ದಿ ನೋಡಿ ನೋಡಿ, ಒಂದು ಕಾಳು ತಾಟಿನಿಂದ ಹಾರಿಬಿದ್ದರೆ ಮೊಣಕಾಲೂರಿ ಹುಡುಕುವಂತಾದೆ. ಇದನ್ನು ಹೆಂಡತಿ ನೋಡಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಕಡೆಗೆ ಒಂದು ವಿಶೇಷ ವಿಮಾನದಲ್ಲಿ ಜಾಗ ಸಿಕ್ಕಿತು. ಬೀದರಿಗೆ ಬಂದು ಇಳಿದಾಗ ಮುಂಗೈ ಮೇಲೆ ಕ್ವಾರಂಟೈನಿನ ನೀಲಿ ಮುದ್ರೆ, ಮನೆಯ ಬಾಗಿಲಿಗೆ ಯಾರೂ ಒಳಗೆ ಬರಬಾರದು, ನಾವು ಹೊರಗೆ ಹೋಗಬಾರದು ಎಂಬ ಕಾಗದ. ಹೋಗುವಾಗ ಹಾರ ಹಾಕಿ ಫೋಟೋ ತೆಗೆಸಿಕೊಂಡಿದ್ದ ಓಣಿಯವರು ಈಗ ನಮ್ಮ ಕಿಟಕಿ ತೆರೆದರೆ ತಮ್ಮ ಕಿಟಕಿ ಹಾಕಿಕೊಳ್ಳುತ್ತಿದ್ದರು. ಪಕ್ಕದ ಮನೆಯ ರಶೀದ ಭಾಯಿ ಒಬ್ಬರು ಮಾತ್ರ ದಿನಾ ಗೇಟಿನ ಮೇಲೆ ಹಾಲಿನ ಚೀಲ ತೂಗುಹಾಕಿ, ‘ಮಾಸ್ತರ ಸಾಬ್, ದೂಧ್ ಆಗಯಾ’ ಎಂದು ಕೂಗಿ ಹೋಗುತ್ತಿದ್ದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂಡುತ್ತಿದ್ದೆ. ಮಹಾನಂದಾ ಉಡಿ ಅಕ್ಕಿಯ ಗಂಟನ್ನು ಬಾಗಿಲ ಹತ್ತಿರದ ಮೊಳೆಗೆ ತೂಗುಹಾಕಿದ್ದಳು. ಬಾಗಿಲು ತೆರೆದ ದಿನ ಅದನ್ನು ಹುಡುಕುವುದರಲ್ಲಿ ಹೊತ್ತಾಗಬಾರದಂತೆ. ಅವಸರದ ಕಾಯಿಲೆ ನನ್ನಿಂದ ಆಕೆಗೆ ಹತ್ತಿತ್ತು.

ಮುದ್ರೆಯ ಬಣ್ಣ ಇನ್ನೂ ಅಳಿಸಿರಲಿಲ್ಲ, ಒಂದು ಮಧ್ಯಾಹ್ನ ಭಾಲ್ಕಿಯಿಂದ ನನ್ನ ಹೆಂಡತಿಯ ತಮ್ಮ ಶಿವರಾಜನ ಫೋನು ಬಂತು. ಅತ್ತೆಯವರು ಊಟ ಮಾಡಿ ಮಲಗಿದ್ದರಂತೆ, ಚಹಾಕ್ಕೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ. ಜ್ವರವಿಲ್ಲ, ಕೆಮ್ಮಿಲ್ಲ, ವಯಸ್ಸಾಗಿತ್ತು ಅಷ್ಟೆ.

ನಗಿಸಬೇಕೆಂದು ಬರೆಯಲು ಕೂತವನು ನಾನು, ಈ ಜಾಗದಲ್ಲಿ ನನ್ನ ಕೈಲಿ ಆಗುವುದಿಲ್ಲ. ಮಸ್ಕತ್‌ನಲ್ಲಿದ್ದಾಗ ನಡುವೆ ಒಂದು ಸಮುದ್ರವಾದರೂ ಇತ್ತು, ತಪ್ಪನ್ನೆಲ್ಲ ಅದರ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಬೀದರಿನಿಂದ ಭಾಲ್ಕಿಗೆ ಸಮುದ್ರವಿಲ್ಲ, ಪರ್ವತವಿಲ್ಲ, ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಬಾಗಿಲು ದಾಟಲು ಅಪ್ಪಣೆ ಕೇಳಿ ಎಲ್ಲೆಲ್ಲಿಗೋ ಫೋನು ಮಾಡಿದೆ. ಅತ್ತ ಕಡೆಯ ದನಿಗಳು ಒರಟಾಗಿರಲಿಲ್ಲ, ‘ಏನ್ ಮಾಡೂದ್ರಿ ಸರ್’ ಎಂದು ನನ್ನಷ್ಟೇ ಸೋತಿದ್ದವು. ಮಹಾನಂದಾ ಮೊಳೆಯಿಂದ ಗಂಟು ತೆಗೆದು ಮಡಿಲಲ್ಲಿಟ್ಟುಕೊಂಡು, ಮುಚ್ಚಿದ ಬಾಗಿಲಿಗೆ ಬೆನ್ನು ಹಚ್ಚಿ ಕೂತಳು. ಶಿವರಾಜ ಮೊಬೈಲು ಹಿಡಿದು ತೋರಿಸಿದ. ನಮ್ಮ ಪದ್ಧತಿಯಂತೆ ತಾಯಿಯನ್ನು ಕೂಡಿಸಿ ವಿಭೂತಿ ಹಚ್ಚಿದ್ದರು. ಇಷ್ಟು ತಿಂಗಳು ಬರೀ ಕಿವಿ ಕಾಣುತ್ತಿದ್ದ ಫೋನಿನಲ್ಲಿ ಅಂದು ಪೂರ್ತಿ ಮುಖ ಕಂಡಿತು. ನೋಡಲಾಗದೆ ನಾನು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಬಾಗಿಲು ತೆರೆದ ದಿನವೇ ಭಾಲ್ಕಿಗೆ ಹೋದೆವು. ಮಹಾನಂದಾ ಕಾಲು ತೊಳೆಯಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಸೀದಾ ಅಡಿಗೆಮನೆಗೆ ಹೋಗಿ ಅಕ್ಕಿ ಡಬ್ಬಿಯ ಮುಂದೆ ಕೂತು, ಗಂಟು ಬಿಚ್ಚಿ, ಒಂದು ಹಿಡಿ ತುಂಬಿಕೊಂಡಳು. ‘ಹೊತ್ತು ಮಾಡಿ ಬಂದೆ ಅವ್ವಾ, ಮನಿ ಬರಿದು ಮಾಡಿದೆ’ ಎಂದು ಗೋಳಾಡಿದಳು. ಶಿವರಾಜನ ಹೆಂಡತಿ ಜಗದೇವಿ ಓಡಿಬಂದು ಆ ಕೈ ಹಿಡಿದುಕೊಂಡಳು.

‘ಅಕ್ಕಾ, ಹಾಂಗ ಅನಬ್ಯಾಡ್ರಿ. ನಿಮ್ಮ ಹಿಡಿ ಅತ್ತಿ ಆವತ್ತೇ ಹಾಕ್ಯಾರ್ರಿ.’

ನನಗೆ ಅರ್ಥವಾಗಲಿಲ್ಲ. ಜಗದೇವಿ ಕಣ್ಣೊರೆಸಿಕೊಂಡು ಹೇಳಿದಳು. ನಾನು ರಟ್ಟೆ ಹಿಡಿದು ಎಬ್ಬಿಸಿದಾಗ ಮಹಾನಂದಾಳ ಗಂಟು ಬಿಗಿಯದ ಸೆರಗು ಜಾರಿ ಪಡಸಾಲೆಯಿಂದ ಅಂಗಳದವರೆಗೆ ಅಕ್ಕಿ ಚೆಲ್ಲಿತ್ತಂತೆ. ಕಾರು ಹೋದ ಮೇಲೆ ಅತ್ತೆಯವರು ನೆಲದ ಮೇಲೆ ಕೂತು, ಒಂದೊಂದೇ ಕಾಳು ಆಯ್ದು ಒಂದು ಹಿಡಿ ಮಾಡಿ, ‘ನನ್ನ ಮಗಳ ಹಿಡಿ ತಿರುಗಿ ಬಂತು’ ಎಂದು ಡಬ್ಬಿಗೆ ಹಾಕಿದ್ದರಂತೆ.

‘ಮತ್ತ ಹೇಳಲಿಲ್ಲ ಯಾಕ?’ ಎಂದು ನಾನು ಜೋರಾಗಿಯೇ ಕೇಳಿದೆ. ಬಾಲ್ಕನಿ, ತಾಟು, ನುಸಿ, ಇರಾನು ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು.

‘ನಾ ಹೇಳ್ತೇನಿ ಅಂದ್ರ ಅತ್ತಿ ಬ್ಯಾಡ ಅಂತಿದ್ರು, ಮಾಮಾ. ಹೇಳಿದ್ರ ಆಕಿ ಅಲ್ಲೇ ನಿವಾಂತ ಕೂಡ್ತಾಳ, ಇಲ್ಲೊಂದು ಕೆಲಸ ಉಳದದ ಅಂದ್ರ ಹ್ಯಾಂಗರೆ ಮಾಡಿ ಲಗೂ ಬರ್ತಾಳ ಅಂತಿದ್ರು.’

ಮಹಾನಂದಾಳ ಮುಷ್ಟಿ ಮೆಲ್ಲಗೆ ಸಡಿಲಾಯಿತು. ಅಕ್ಕಿ ಗಂಟಿನೊಳಕ್ಕೇ ಬಿತ್ತು. ಆಕೆ ಬಹಳ ಹೊತ್ತು ಡಬ್ಬಿಯ ಮುಚ್ಚಳ ನೇವರಿಸುತ್ತ ಕೂತಳು. ಅತ್ತೆಯವರನ್ನು ಕಠಿಣ ಮನಸ್ಸಿನವರೆಂದು ಬೈದುಕೊಂಡಿದ್ದ ನಾನು ಹೊರಗೆ ಹೋಗಿ ಅಂಗಳ ನೋಡುತ್ತ ನಿಂತೆ. ಅಷ್ಟು ಉದ್ದದ ಅಂಗಳದಲ್ಲಿ ಮಂಡಿನೋವಿನ ಮುದುಕಿ ಕಾಳು ಆಯ್ದಿದ್ದು ಹೇಗೆ ಎಂದು ನನಗೆ ಈಗಲೂ ತಿಳಿಯುವುದಿಲ್ಲ.

ಸಂಜೆ ಹೊರಡುವಾಗ ಜಗದೇವಿ ಮಹಾನಂದಾಳನ್ನು ಅದೇ ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಈ ಸಲ ನಾನು ಡ್ರೈವರನಿಗೆ ಗಾಡಿ ಬಂದ್ ಮಾಡಿಸಿ ಚಹಾ ಕುಡಿಯಲು ಕಳಿಸಿದ್ದೆ. ಬಾಗಿಲಲ್ಲಿ ನಿಂತು ನನ್ನ ಜೀವಮಾನದಲ್ಲಿ ಎಂದೂ ಆಡದ ಮಾತು ಆಡಿದೆ: ‘ಅವಸರಿಲ್ಲ. ಸಾವಕಾಶ ಆಗಲಿ.’ ಮಹಾನಂದಾ ನನ್ನ ಮುಖ ನೋಡಿದಳು. ಸೆರಗಿನ ತುದಿ ಒಟ್ಟುಮಾಡಿ, ಒಂದು ಕಾಳೂ ಚೆಲ್ಲದ ಹಾಗೆ ಬಿಗಿಯಾಗಿ ಗಂಟು ಹಾಕಿದಳು. ಎದ್ದು ಜಗದೇವಿಯ ಗದ್ದ ಮುಟ್ಟಿ, ಸೀದಾ ಬಂದು ಕಾರಿನಲ್ಲಿ ಕೂತಳು.

‘ಏ, ಹಿಡಿ ಹಾಕಲಿಲ್ಲಲ್ಲ?’ ಎಂದೆ.

‘ಮುಂದಿನ ಸಲ ಬಂದಾಗ ಹಾಕ್ತೇನ್ರಿ’ ಎಂದಳು. ಬಾಗಿಲಲ್ಲಿ ಜಗದೇವಿ ಅಳುತ್ತಳುತ್ತಲೇ ನಕ್ಕು, ‘ಲಗೂ ಬರ್ರಿ ಅಕ್ಕಾ’ ಎಂದು ಕೈಬೀಸಿದಳು. ಇಬ್ಬರು ಹೆಂಗಸರಿಗೂ ತಿಳಿದದ್ದು ಭೂಗೋಳದ ಮಾಸ್ತರನಿಗೆ ತಿಳಿಯಲು ಬೀದರಿನ ದಾರಿಯಲ್ಲಿ ಹಲಬರ್ಗಾ ದಾಟಬೇಕಾಯಿತು.

ತಿಳಿದ ಮೇಲೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾನು ವಿಜ್ಞಾನ ನಂಬುವವನು, ಹಿಡಿ ಹಾಕದಿದ್ದರೆ ದಾರಿ ಮುಚ್ಚುತ್ತದೆ ಎಂಬುದರಲ್ಲಿ ನನಗೆ ನಂಬಿಕೆಯಿಲ್ಲ, ಈಗಲೂ ಇಲ್ಲ. ಆದರೆ ಅಂದಿನಿಂದ ಔರಾದಿನ ತರಗತಿಯಲ್ಲಿ ಯಾವನಾದರೂ ಹುಡುಗ ಕೆಮ್ಮಿದರೆ ಬೆತ್ತ ನಕಾಶೆಯ ಮೇಲೆ ನಿಂತುಬಿಡುತ್ತದೆ. ಟೀವಿಯಲ್ಲಿ ಯಾವುದೋ ದೇಶದಲ್ಲಿ ಏನೋ ಜ್ವರವೆಂದು ಬಂದರೆ ಎದ್ದು ಹೋಗಿ ಗಂಟು ಮೊಳೆಯ ಮೇಲಿದೆಯೇ ಎಂದು ನೋಡುತ್ತೇನೆ. ಭಾನುವಾರ ಬೆಳಗಾಗುವುದೇ ತಡ, ಸ್ನಾನ ಮುಗಿಸಿ, ಶರ್ಟು ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತೇನೆ.

‘ನಡಿ, ಹೊತ್ತಾತು. ಭಾಲ್ಕಿಗೆ ಹೋಗಿ ಆ ಹಿಡಿ ಹಾಕಿ ಬರೋಣ’ ಎನ್ನುತ್ತೇನೆ.

ಮಹಾನಂದಾ ನಿಧಾನವಾಗಿ ತಲೆ ಬಾಚಿಕೊಂಡು, ಗಂಟು ತೆಗೆದುಕೊಂಡು ಬರುತ್ತಾಳೆ. ಅಲ್ಲಿ ಹೋಗಿ ಹಳೆಯ ಹಿಡಿ ಹಾಕುತ್ತಾಳೆ, ಹೊಸ ಉಡಿ ತುಂಬಿಸಿಕೊಳ್ಳುತ್ತಾಳೆ, ಹೊಸ ಹಿಡಿ ಹಾಕದೆ ಎದ್ದು ಬರುತ್ತಾಳೆ. ನಾನು ಮತ್ತೆ ಆ ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತೇನೆ.